ಅಜ್ಜ ಗೆಲ್ಲಿಸಿದ ಮ್ಯಾಚು

ಶನಿವಾರ ಬೆಳಿಗ್ಗೆ ನಾನು ವಾಕಿಂಗಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದೇನೆ. ವರ್ಜೀನಿಯಾದ ಹರ್ನ್‌ಡನ್ನಿನ ನಮ್ಮ ಟೌನ್‌ಹೌಸಿನಿಂದ ಪಾರ್ಕಿಗೆ ಕಾರಿನಲ್ಲಿ ಏಳು ನಿಮಿಷ. ದಾರಿಯಲ್ಲಿ ಕಾಫಿ ತೆಗೆದುಕೊಳ್ಳಲು ಹತ್ತು ನಿಮಿಷ. ಪಾರ್ಕಿಂಗ್ ಲಾಟಿನಲ್ಲಿ ಕಿಟಕಿ ಇಳಿಸಿ ಆ ಕಾಫಿ ಕುಡಿಯಲು ಅರ್ಧ ಗಂಟೆ. ಇನ್ನೂ ಸಮಯ ಉಳಿದರೆ ನಡಿಗೆ. ನನ್ನ ಗಂಡ ಶ್ರೀಧರ ಮೈಸೂರಿನವನು, ಜಗಳವನ್ನೂ ಮೆತ್ತಗೆ ಆಡುವವನು. "ಇವತ್ತು ಎಷ್ಟು ಮೈಲಿ ಕುಡಿದೆ?" ಎಂದಷ್ಟೇ ಕೇಳುತ್ತಾನೆ.

ಕೋವಿಡ್ಡಿನ ಹೆದರಿಕೆ ಸ್ವಲ್ಪ ಇಳಿದು, ಜನ ಮತ್ತೆ ಮೈಗೆ ಮೈ ತಾಗುವ ಆಟಗಳಿಗೆ ಮರಳಿದ ವಸಂತ ಅದು. ನಾನು ಎಂದಿನಂತೆ ಕಾರಿನಲ್ಲೇ ಕೂತು ವಾಕಿಂಗ್ ಮಾಡುತ್ತಿದ್ದೆ. ಎದುರಿನ ಮೈದಾನದಲ್ಲಿ, ತೋಳಿಲ್ಲದ ಬನಿಯನ್ನಿನಂಥ ಜರ್ಸಿ ಹಾಕಿಕೊಂಡ ಕೆಲವರು ಪ್ಲಾಸ್ಟಿಕ್ ಪೈಪುಗಳನ್ನು ನೆಡುತ್ತಿದ್ದರು. ಈ ತುದಿಗೆ ಸಾಲಾಗಿ ನಾಲ್ಕು, ಆ ತುದಿಗೆ ನಾಲ್ಕು. ನಡುವಿನ ಎರಡು ಎತ್ತರ, ಆಚೀಚೆಯವು ಗಿಡ್ಡ. ಆಮೇಲೆ ಮೊಟ್ಟೆಯಾಕಾರದ ಕೆಂಪು ಚೆಂಡೊಂದು ಬಂತು. ಒಬ್ಬ ಅದನ್ನು ಒದ್ದ. ಇನ್ನೊಬ್ಬ ಮುಂದೆ ನಿಂತವನ ಬೆನ್ನಿಗೆ ಮೊಣಕಾಲೂರಿ ಜಿಗಿದು ಅದನ್ನು ಕೈಯಲ್ಲಿ ಹಿಡಿದ. ಯಾರೂ ಅವನನ್ನು ಬೈಯಲಿಲ್ಲ, ಚಪ್ಪಾಳೆ ತಟ್ಟಿದರು.

ನನ್ನ ಕಾಫಿ ತೊಡೆಯ ಮೇಲೆ ಚೆಲ್ಲಿತು. ಆ ಮೈದಾನವನ್ನು ನಾನು ಮೊದಲೇ ನೋಡಿದ್ದೆ. ಧಾರವಾಡದ ನಮ್ಮ ಅಡುಗೆಮನೆಯ ನೆಲದ ಮೇಲೆ, ಜೋಳದ ಹಿಟ್ಟಿನಲ್ಲಿ, ಅದನ್ನು ನನ್ನ ಅಜ್ಜ ಬರೆದು ತೋರಿಸಿದ್ದರು.

ಅಜ್ಜನ ಹೆಸರು ಗುರುಪಾದಪ್ಪ ಹೊಸಮನಿ. ಸರ್ಕಾರದ ಕುರಿ ಮತ್ತು ಉಣ್ಣೆ ಇಲಾಖೆಯಲ್ಲಿ ನೌಕರಿ. ಕುರಿಯ ಬೆನ್ನ ಮೇಲೆ ಕೈಯಾಡಿಸಿ, ಇದು ಕಂಬಳಿಗೆ, ಇದು ಕೋಟಿಗೆ ಎಂದು ಹೇಳುವುದು ಅವರ ವಿದ್ಯೆ. ಮನುಷ್ಯರ ಬೆನ್ನ ಮೇಲೂ ಅವರು ಹಾಗೇ ಕೈಯಾಡಿಸುತ್ತಿದ್ದರು. ನನ್ನನ್ನು ಕಂಬಳಿಯ ದರ್ಜೆಗೆ ಸೇರಿಸಿದ್ದರೆಂದು ನನಗೆ ಈಗಲೂ ಅನುಮಾನವಿದೆ. ಐವತ್ತರ ದಶಕದ ಮೊದಲಲ್ಲಿ ಇಲಾಖೆ ಅವರನ್ನು ಉಣ್ಣೆಯ ಪಾಠ ಕಲಿಯಲು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿತು. ಒಂದೂವರೆ ವರ್ಷ ಅವರಿದ್ದದ್ದು ಮುಂಡರೂ ಎಂಬ ಸಣ್ಣ ಊರಿನಲ್ಲಿ. ಗದಗಿನ ಕಡೆಗೆ ನಮ್ಮದೇ ಮುಂಡರಗಿ ಇದೆಯಲ್ಲ, "ಮುಂಡರಗಿಗೆ ಹೋಗಿ ಬಂದು ಆಸ್ಟ್ರೇಲಿಯಾ ಅಂತಾನ" ಎಂದು ಅಜ್ಜನ ತಮ್ಮಂದಿರು ಶುರುಮಾಡಿದ ಕುಶಾಲು ಮೂರು ತಲೆಮಾರು ನಡೆಯಿತು.

ಅಲ್ಲಿ ಅವರು ಫುಟ್‌ಬಾಲ್ ಆಡಿದ್ದರಂತೆ. "ತಂಡಕ್ಕ ಹದಿನೆಂಟು ಮಂದಿ. ಚೆಂಡು ತತ್ತಿ ಇದ್ದಂಗ. ಕಾಲಿಲೆ ಒದೀಬೇಕು, ಕೈಲೆ ಹಿಡೀಬೇಕು. ಕಂಬ ಎರಡಲ್ಲ, ನಾಲ್ಕು" ಎಂದು ಹಿಟ್ಟಿನ ಮೈದಾನದ ತುದಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ನಿಲ್ಲಿಸುತ್ತಿದ್ದರು. ಆಮೇಲೆ, ಪ್ರತಿ ಸಲವೂ ಅದೇ ಜಾಗದಲ್ಲಿ ದನಿ ತಗ್ಗಿಸಿ, "ಕಡೀ ನಿಮಿಷದಾಗ ನಾ ಒದ್ದೆ. ಒಂದ ಪಾಯಿಂಟಿಲೆ ಮುಂಡರೂ ಗೆದ್ದಿತು" ಎಂದು ಮುಗಿಸುತ್ತಿದ್ದರು. ಕೈಯಲ್ಲಿ ಆಡುವ ಫುಟ್‌ಬಾಲನ್ನು ಧಾರವಾಡ ಒಪ್ಪಿಕೊಳ್ಳಲಿಲ್ಲ. ಮದುವೆಮನೆಗಳಲ್ಲಿ ಅವರನ್ನು ಕರೆದು ಕೂರಿಸಿ ಆ ಕಥೆ ಹೇಳಿಸಿ ನಗುತ್ತಿದ್ದರು. ಮಕ್ಕಳ ಪೈಕಿ ನಗುವವರ ಮುಂದಾಳು ನಾನು. ಒಮ್ಮೆ ಸಿಪ್ಪೆ ಸುಲಿಯದ ತೆಂಗಿನಕಾಯಿ ತಂದು ಅಂಗಳದಲ್ಲಿಟ್ಟು, "ಒದ್ದು ತೋರಸು ಅಜ್ಜಾ" ಎಂದಿದ್ದೆ. ಅರವತ್ತು ದಾಟಿದ್ದ ಅಜ್ಜ ಧೋತರ ಕಟ್ಟಿಕೊಂಡು ಒದ್ದೇಬಿಟ್ಟರು. ಕಾಯಿ ಪಕ್ಕದವರ ಕಂಪೌಂಡಿಗೆ ಹೋಯಿತು. ಹೆಬ್ಬೆರಳು ಬದನೆಕಾಯಿಯಾಯಿತು. "ಖರೇ ಚೆಂಡು ಇದಕ್ಕಿಂತ ಮೆತ್ತಗ ಇರತದ" ಎಂದರೇ ಹೊರತು ನನಗೆ ಒಂದು ಮಾತು ಬೈಯಲಿಲ್ಲ.

ಆಟ ಮುಗಿದ ಮೇಲೆ, ಕಾಫಿ ಕಲೆಯ ಪ್ಯಾಂಟಿನಲ್ಲೇ ಮೈದಾನಕ್ಕಿಳಿದೆ. ಅಲ್ಲಿ ಸಿಕ್ಕವನು ಗ್ರೆಗ್, ಐವತ್ತರ ಆಸುಪಾಸಿನ ಆಸ್ಟ್ರೇಲಿಯಾದವನು, ಈ ಕಡೆಯೇ ಫಿಸಿಯೋಥೆರಪಿಸ್ಟ್. ಆಡುವಾಗ ಉಳುಕಿದ ತನ್ನ ಕಾಲನ್ನು ತಾನೇ ಒತ್ತಿಕೊಳ್ಳುತ್ತಿದ್ದ. ನನ್ನಜ್ಜ ಇದನ್ನೇ ಆಡಿದ್ದರು ಎಂದಾಗ ಅವನು ನಗಲಿಲ್ಲ. "ಯಾವ ಟೀಮು?" ಎಂದ. ಎಪ್ಪತ್ತು ವರ್ಷಗಳಲ್ಲಿ ಅಜ್ಜನ ಕಥೆಗೆ ಆ ಪ್ರಶ್ನೆ ಕೇಳಿದ ಮೊದಲನೆಯವನು ಅವನೇ ಇರಬೇಕು. ಮುಂಡರೂ ಎಂದೆ. ಆ ದೇಶದ ಹಳೆಯ ಊರುಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆಂದು ಅವನು ಹೇಳಿದ. "ಆಗ ಸಣ್ಣ ಊರಿನ ಪೇಪರಿಗೆ ಎರಡೇ ಸುದ್ದಿ, ಕುರಿ ಮತ್ತು ಫುಟ್‌ಬಾಲ್. ನಿಮ್ಮಜ್ಜ ಆಡಿದ್ದರೆ ಸಿಕ್ಕೇ ಸಿಗ್ತಾರೆ." ಆಮೇಲೆ ಆಟದ ನಿಯಮಗಳನ್ನೂ ವಿವರಿಸಿದ. ಮೆಕ್ಯಾನಿಕ್ ನಮ್ಮ ಕಾರಿನ ರಿಪೇರಿ ವಿವರಿಸುವಾಗ ಹೇಗೋ ಹಾಗೆ ತಲೆಯಾಡಿಸಿದೆ. ಒಂದೂ ತಲೆಗೆ ಹೋಗಲಿಲ್ಲ.

ಮನೆಗೆ ಬಂದವಳೇ ಸುಶೀಲತ್ತಿಗೆ ಫೋನ್ ಮಾಡಿದೆ. ಸುಶೀಲತ್ತಿ ನನ್ನ ಅಪ್ಪನ ಅಕ್ಕ, ಅಜ್ಜನ ಹಿರಿಯ ಮಗಳು. ಶಾರ್ಲೆಟ್ಟಿನಲ್ಲಿ ನಲವತ್ತು ವರ್ಷ ಅರಿವಳಿಕೆಯ ವೈದ್ಯೆಯಾಗಿದ್ದು ಈಗ ಅದೇ ಊರಿನ ಬ್ಯಾಲಂಟೈನಿನಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದಾಳೆ.

"ಅತ್ತೀ, ಅಜ್ಜ ಹೇಳಿದ್ದು ಖರೇ. ನಾಲ್ಕು ಕಂಬದ ಫುಟ್‌ಬಾಲ್ ಅದ. ನಾ ಈಗ ಕಣ್ಣಾರೆ ನೋಡಿ ಬಂದೆ."

"ಆಟ ಅದ ಅಂತ ನನಗೂ ಗೊತ್ತದ. ಟೀವಿಯಾಗ ನೋಡೇನಿ," ಎಂದಳು. "ಅಪ್ಪ ಆಡಿದ್ನೋ ಇಲ್ಲೋ, ಅದು ಪ್ರಶ್ನೆ."

ಅವಳ ದನಿಯಲ್ಲಿ ಕುಶಾಲು ಇರಲಿಲ್ಲ. ಯಾಕೆ ಎಂದು ಕೇಳಿದೆ. ಅವಳು ಹೇಳಿದ್ದನ್ನು ನಾನು ಅದುವರೆಗೆ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ.

ಅವಳಿಗೆ ಹತ್ತು ವರ್ಷ. ಶಾಲೆಯಲ್ಲಿ 'ನನ್ನ ತಂದೆ' ಎಂಬ ವಿಷಯದ ಮೇಲೆ ಭಾಷಣ. ಅಜ್ಜನ ಬಾಯಿಂದ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು: ಹದಿನೆಂಟು ಮಂದಿ, ತತ್ತಿಯಂಥ ಚೆಂಡು, ಕಡೆಯ ನಿಮಿಷ. ಡ್ರಿಲ್ ಮಾಸ್ತರರು ಸ್ವತಃ ಫುಟ್‌ಬಾಲ್ ಆಟಗಾರರು. ಇಂಥ ಆಟ ಜಗತ್ತಿನಲ್ಲೇ ಇಲ್ಲ ಎಂದರು. ಎಲ್ಲರೆದುರು ನಿಲ್ಲಿಸಿ, ನಾ ಸುಳ್ಳು ಹೇಳಿದೆ ಎಂದು ಮೂರು ಸಲ ಅವಳ ಬಾಯಿಂದ ಹೇಳಿಸಿದರು.

"ಮನೀಗೆ ಬಂದು ಅಪ್ಪನ್ನ ಕೇಳಿದೆ," ಎಂದಳು ಅತ್ತಿ. "ಪೇಪರಿನಾಗ ಬಂದದ, ಕತ್ತರಿಸಿ ಟ್ರಂಕಿನಾಗ ಇಟ್ಟೀನಿ ಅಂತ ಯಾವಾಗಲೂ ಹೇಳತಿದ್ದ. ಕೊಡು, ಸಾಲಿಗೆ ಒಯ್ದು ತೋರಸ್ತೀನಿ ಅಂದೆ. ಟ್ರಂಕು ತಗದ. ಹುಡುಕಿದಂಗ ಮಾಡಿದ. ಸಿಗವಲ್ದು ಅಂದ. ನನ್ನ ಜೋಡಿ ಸಾಲಿಗೂ ಬರಲಿಲ್ಲ. ಅವತ್ತಿನಿಂದ ಅವನ ಮಾತು ನಾ ಪೂರಾ ನಂಬಿಲ್ಲ. ಇಲ್ಲಿಗೆ ಬಂದ ಮ್ಯಾಲೂ, ಫೋನಿನಾಗ ಅಂವ 'ನಾ ಆರಾಮ ಇದ್ದೀನಿ' ಅಂದ್ರ, ಅವ್ವನ್ನ ಕೇಳಿ ಖಾತ್ರಿ ಮಾಡ್ಕೋತಿದ್ದೆ."

ಆಮೇಲೆ ಅವಳೇ ಅಂದಳು: "ಹುಡುಕು. ಸಿಕ್ರ ಹೇಳು. ಸಿಗಲಿಲ್ಲಂದ್ರೂ ಹೇಳು. ನನಗ ಎಪ್ಪತ್ತೈದು ಆತು."

ಹುಡುಕುವುದು ನನ್ನ ಹೊಟ್ಟೆಪಾಡು. ಡಲ್ಲೆಸ್ ಟೋಲ್ ರೋಡಿನ ಪಕ್ಕದ ಒಂದು ಗಾಜಿನ ಕಟ್ಟಡದಲ್ಲಿ, ಲಕ್ಷಾಂತರ ದಾಖಲೆಗಳಲ್ಲಿ ಕಳೆದುಹೋದ ಹೆಸರುಗಳನ್ನು ಹುಡುಕಿ ಕೊಡುವ ಪ್ರೋಗ್ರಾಮುಗಳನ್ನು ನಾನು ಬರೆಯುತ್ತೇನೆ. ಒಂದು ವಾರ ಸಾಕು ಎಂದುಕೊಂಡೆ. ಗುರುಪಾದಪ್ಪ ಎಂದು ಹನ್ನೊಂದು ಸ್ಪೆಲಿಂಗುಗಳಲ್ಲಿ ಹುಡುಕಿದೆ. ಹೊಸಮನಿಯನ್ನು ಒಂಬತ್ತರಲ್ಲಿ. ಮುಂಡರೂ ಊರಿನ ಕುರಿ ಸಂತೆ, ಚರ್ಚಿನ ಕೇಕ್ ಸ್ಪರ್ಧೆ, ಯಾರದೋ ಕಳೆದುಹೋದ ನಾಯಿ, ಎಲ್ಲ ಸಿಕ್ಕವು. ಅಜ್ಜ ಸಿಗಲಿಲ್ಲ. ಬೇಸಿಗೆ ಕಳೆಯಿತು. "ಅಜ್ಜ ಸಿಕ್ಕಿದ್ರಾ, ಇಲ್ಲ ಇನ್ನೂ ಹಡಗಲ್ಲೇ ಇದ್ದಾರಾ?" ಎಂದು ಶ್ರೀಧರ ಚಹಾ ತಂದಿಟ್ಟು ಹೋಗುತ್ತಿದ್ದ. ನನ್ನೊಳಗೂ ಡ್ರಿಲ್ ಮಾಸ್ತರರು ಒಬ್ಬರು ಎದ್ದು ಕೂತಿದ್ದರು. ಆಡಿರಲೇ ಇಲ್ಲವೇನೋ. ದೂರದಿಂದ ನೋಡಿ ಬಂದು ಆಡಿದೆ ಎಂದರೇನೋ. ಅತ್ತಿಗೆ ಅದನ್ನು ಹೇಗೆ ಹೇಳುವುದು.

ಒಂದು ಶನಿವಾರ ಪಾರ್ಕಿನಲ್ಲಿ ಗ್ರೆಗ್‌ಗೆ ನನ್ನ ಸ್ಪೆಲಿಂಗ್ ಪಟ್ಟಿ ತೋರಿಸಿದೆ. ಅವನು ಓದಲು ಪ್ರಯತ್ನಿಸಿ ಕೈಬಿಟ್ಟ. "ಕುರಿಯ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಯಾರೂ ಇಷ್ಟು ಉದ್ದ ಕರೆಯಲ್ಲ," ಎಂದ. "ನಾವು ಎಲ್ಲರ ಹೆಸರನ್ನೂ ತುಂಡು ಮಾಡ್ತೀವಿ. ಮಧ್ಯದಲ್ಲಿ ಏನಿದೆ? ಪಾದ್? ಹಾಗಾದರೆ ಪ್ಯಾಡಿ."

ನನ್ನಜ್ಜ ಪ್ಯಾಡಿ. ಅನ್ನ ಉಂಡರೆ ಉಂಡಂತೆಯೇ ಅಲ್ಲ ಎನ್ನುತ್ತಿದ್ದ, ಮೂರು ಹೊತ್ತೂ ಜೋಳದ ರೊಟ್ಟಿ ತಿನ್ನುತ್ತಿದ್ದ ಮನುಷ್ಯನಿಗೆ ಭತ್ತದ ಹೆಸರು.

ಪ್ಯಾಡಿ, ಇಂಡಿಯನ್, ಉಣ್ಣೆ ಎಂದು ಮೂರು ಪದ ಒಟ್ಟಿಗೆ ಹಾಕಿದೆ. ಮೂರೇ ಮೂರು ವರದಿಗಳು ಬಂದವು. ಮೂರರಲ್ಲೂ ಪ್ಯಾಡಿ ಹಾರ್ಸ್‌ಮನ್ ಎಂದಿತ್ತು, ಉಣ್ಣೆ ಕಲಿಯಲು ಬಂದ ಭಾರತೀಯ ವಿದ್ಯಾರ್ಥಿ. ನೀವೇ ಒಮ್ಮೆ ಹೊಸಮನಿ ಎಂದು ಗಾಳಿಗೆ ಎದುರಾಗಿ ನಿಂತು ಕೂಗಿ ನೋಡಿ. ಮುಂಡರೂ ವರದಿಗಾರನಿಗೆ ಹಾರ್ಸ್‌ಮನ್ ಎಂದು ಕೇಳಿಸಿದ್ದರೆ ಅವನ ತಪ್ಪಿಲ್ಲ. ಕುರಿ ಇಲಾಖೆಯವರನ್ನು ಒಂದೇ ಏಟಿಗೆ ಕುದುರೆ ಇಲಾಖೆಗೆ ವರ್ಗ ಮಾಡಿದ್ದ, ಅಷ್ಟೆ.

ಮೊದಲ ಎರಡು ವರದಿಗಳಲ್ಲಿ ಅಜ್ಜ ಹತ್ತೊಂಬತ್ತನೆಯವರು. ಹದಿನೆಂಟು ಜನರಲ್ಲಿ ಯಾರಾದರೂ ಬಿದ್ದರೆ ಇಳಿಯಲು ಅಂಚಿನಲ್ಲಿ ಕೂತಿರುವವರು. ಎರಡು ಸಲವೂ ಯಾರೂ ಬೀಳಲಿಲ್ಲ. ಮೂರನೆಯ ವಾರ ಊರಿಗೆ ಮಂಗನಬಾವು ಬಂತು, ಮೂರು ಜನ ಗದ್ದ ಊದಿಸಿಕೊಂಡು ಮಲಗಿದರು, ಅಜ್ಜ ಮೈದಾನಕ್ಕಿಳಿದರು. ಆಟದ ನಾಲ್ಕು ಭಾಗಗಳಲ್ಲಿ ಮೊದಲ ಮೂರರಲ್ಲಿ ಅವರ ಹೆಸರೇ ಇಲ್ಲ. ಕೊನೆಯಲ್ಲಿ, ಎರಡೂ ತಂಡ ಸಮಸಮವಾಗಿದ್ದಾಗ, ಹಾರ್ಸ್‌ಮನ್ ಕಂಬಗಳ ನೇರಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಚೆಂಡು ಹಿಡಿದರು. ಅಡ್ಡ ಬರುವವರು ಯಾರೂ ಇರಲಿಲ್ಲ. ಒದ್ದರು. ಒಂದು ಪಾಯಿಂಟ್ ಬಂತು. ಆಟ ಮುಗಿಯುವ ಗಂಟೆ ಹೊಡೆಯಿತು. ಮುಂಡರೂ ಗೆದ್ದಿತು.

ನಾನು ಕುರ್ಚಿಯಿಂದೆದ್ದು ಇಡೀ ಮನೆ ಸುತ್ತಿದೆ. ಆ ವಾರದ ನನ್ನ ನಿಜವಾದ ವಾಕಿಂಗ್ ಅದೇ. ಆಮೇಲೆ ಕೂತು ಮತ್ತೆ ಓದಿದಾಗ, ಅಜ್ಜನ ಒದೆತದ ಬಗ್ಗೆ ವರದಿಗಾರನ ಧಾಟಿ ಯಾಕೋ ಕೊಂಕಾಗಿದೆ ಅನ್ನಿಸಿತು. ಅಷ್ಟು ಹತ್ತಿರದಿಂದ ಆಕಳೂ ಗುರಿ ಮುಟ್ಟಿಸುತ್ತಿತ್ತು ಎಂಬರ್ಥದ ಮಾತು ಬರೆದಿದ್ದ. ಗ್ರೆಗ್‌ಗೆ ಕಳಿಸಿ ಕೇಳಿದೆ. ಅವನು ತಕ್ಷಣ ಫೋನ್ ಮಾಡಿದ, ನಗು ತಡೆಯಲಾಗದೆ. ಎತ್ತರದ ಎರಡು ಕಂಬಗಳ ನಡುವೆ ಹೋದರೆ ಗೋಲು, ಆರು ಪಾಯಿಂಟ್. ಗುರಿ ತಪ್ಪಿ ಪಕ್ಕದ ಗಿಡ್ಡ ಕಂಬದ ಸಂದಿಗೆ ಹೋದರೆ ಸಮಾಧಾನಕ್ಕೆ ಒಂದು. ಮೊದಲ ದಿನವೇ ಇದನ್ನು ಹೇಳಿದ್ದೆನಲ್ಲ ಎಂದ. ಹೇಳಿದ್ದ. ನಾನು ತಲೆಯಾಡಿಸಿದ್ದೆ.

ನನ್ನ ಮಗಳು ಅನಘಾ ಕೇಳಿಸಿಕೊಂಡು, "ಮಿಸ್ ಮಾಡಿದ್ರೂ ಪಾಯಿಂಟ್ ಕೊಡ್ತಾರಾ? ದ್ಯಾಟ್ಸ್ ಸೋ ನೈಸ್, ಅಮ್ಮಾ" ಎಂದಳು. ಅವಳು ಗಣಿತದ ಪರೀಕ್ಷೆ ಬರೆದು ಬಂದ ದಿನ ಅದು.

ಶ್ರೀಧರ ಅಜ್ಜನ ಪರ ನಿಂತ. "ಸುಳ್ಳೇನೂ ಹೇಳಿಲ್ವಲ್ಲ. ಸ್ವಲ್ಪ ಎಡಿಟ್ ಮಾಡಿದ್ದಾರೆ ಅಷ್ಟೆ."

ನಾವು ಮೂವರೂ ನಕ್ಕೆವು. ನಗುತ್ತಿರುವಾಗಲೇ ನನಗೆ ಆ ಟ್ರಂಕು ನೆನಪಾಯಿತು. ಪತ್ರಿಕೆಯ ತುಣುಕು ಅದರಲ್ಲಿ ಇದ್ದಿರಬೇಕು. ಶಾಲೆಗೆ ಒಯ್ದು ತೋರಿಸಿದ್ದರೆ ಡ್ರಿಲ್ ಮಾಸ್ತರರು ಅದನ್ನು ಪೂರ್ತಿ ಓದುತ್ತಿದ್ದರು, ಆಕಳಿನ ಮಾತಿನವರೆಗೆ. ತನ್ನ ಗುರಿ ತಪ್ಪಿದ್ದು ಊರಿಗೆ ಗೊತ್ತಾಗಬಾರದೆಂದು ಅಜ್ಜ ಹತ್ತು ವರ್ಷದ ಮಗಳನ್ನು ಸುಳ್ಳಿಯಾಗಿ ಉಳಿಯಲು ಬಿಟ್ಟಿದ್ದರು. ಬೆನ್ನ ಮೇಲೆ ಕೈಯಾಡಿಸುತ್ತಿದ್ದ ನನ್ನಜ್ಜ.

"ಗೆದ್ದಿದ್ದು ಹೇಳು, ಮಿಸ್ ಆಗಿದ್ದು ಬಿಟ್ಬಿಡು. ಆಂಟಿಗೆ ಈ ವಯಸ್ಸಲ್ಲಿ ಅಷ್ಟು ಸಾಕು," ಎಂದ ಶ್ರೀಧರ. ಎರಡು ದಿನ ನನಗೂ ಅದೇ ಸರಿ ಅನ್ನಿಸಿತು. ಆದರೆ ಅತ್ತಿ ಕಾಗದ ಕೇಳುತ್ತಾಳೆ. ನಾನೂ ಹುಡುಕಿದಂತೆ ಮಾಡಿ ಸಿಗವಲ್ದು ಅನ್ನಬೇಕಾಗುತ್ತದೆ. ಫೋನಿನಲ್ಲಿ ಹೇಳುವ ಧೈರ್ಯವಾಗದೆ, ವರದಿಯ ಪ್ರಿಂಟ್ ತೆಗೆದುಕೊಂಡು ಶುಕ್ರವಾರ ಬೆಳಿಗ್ಗೆ ರಜೆ ಹಾಕಿ ಶಾರ್ಲೆಟ್ಟಿಗೆ ಹೊರಟೆ. ಏಳು ಗಂಟೆಯ ದಾರಿ. ವರ್ಜೀನಿಯಾ ದಾಟುವವರೆಗೆ ಮಾತನ್ನು ಹೇಗೆ ಶುರುಮಾಡುವುದೆಂದು ಯೋಚಿಸಿದೆ. ನಾರ್ತ್ ಕೆರೊಲೈನಾದ ಉದ್ದಕ್ಕೂ ಹೇಗೆ ಮುಗಿಸುವುದೆಂದು. ಎರಡೂ ಬಗೆಹರಿಯಲಿಲ್ಲ.

ಅತ್ತಿ ಬಾಗಿಲಲ್ಲೇ ಕೈ ಚಾಚಿದಳು. "ಕೊಡು. ನಿನ್ನ ಮುಖ ನೋಡಿದ್ರ ಏನೋ ಸಿಕ್ಕದ. ಒಳ್ಳೇದಲ್ಲ."

ಅಡುಗೆಮನೆಯ ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ಆಪರೇಷನ್ನಿಗೆ ಮೊದಲು ರೋಗಿಯ ಕಾಗದ ಓದುವವಳ ಹಾಗೆ ಬೆರಳಿಟ್ಟು ಓದಿದಳು. ಪ್ಯಾಡಿ ಎಂದರೆ ಯಾರು, ಹಾರ್ಸ್‌ಮನ್ ಹೇಗಾದರು, ಒಂದು ಪಾಯಿಂಟ್ ಎಂದರೇನು, ಎಲ್ಲ ಹೇಳಿದೆ.

"ಹಂಗಾರ ಪೇಪರ್ ಇತ್ತು," ಎಂದಳು ಕೊನೆಗೆ.

"ಇತ್ತು ಅನ್ನಸ್ತದ ಅತ್ತೀ."

"ಇತ್ತು. ತೋರಸಲಿಲ್ಲ." ಕಾಗದವನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟಳು. "ಗುರಿ ತಪ್ಪಿತು ಅಂತ ಹೇಳಿದ್ರ ನಾನೇನು ಅವನ ಮಗಳಾಗೋದು ಬಿಡತಿದ್ನೇನು? ನಕ್ಕು ಬಿಡತಿದ್ದೆ."

"ಹತ್ತು ವರ್ಷದಾಗ ನಗತಿದ್ದಿಲ್ಲ ಅತ್ತೀ."

ಅವಳು ಯೋಚಿಸಿದಳು. "ಇಲ್ಲ," ಎಂದಳು. "ಆಗ ನಗತಿದ್ದಿಲ್ಲ."

ನಾನು ಎದ್ದು ರೊಟ್ಟಿ ಬಿಸಿಗೆ ಇಟ್ಟೆ. ಹಿಂದಿನಿಂದ ಅತ್ತಿ ಕೇಳಿದಳು, "ಮುಂದಿನ ವಾರದ ಪೇಪರ್ ನೋಡಿದ್ಯೇನು?"

ನೋಡಿರಲಿಲ್ಲ. ನನಗೆ ಬೇಕಾದ ಹೆಸರು ಸಿಕ್ಕ ಕೂಡಲೇ ನಿಲ್ಲಿಸಿದ್ದೆ. ಇದೇ ತಪ್ಪಿಗೆ ಆಫೀಸಿನಲ್ಲಿ ನನ್ನ ಕೈಕೆಳಗಿನ ಹುಡುಗರಿಗೆ ಉಪದೇಶ ಮಾಡುತ್ತೇನೆ. ಲ್ಯಾಪ್‌ಟಾಪ್ ತೆರೆದು, ಈ ಸಲ ಹೆಸರು ಹಾಕಿ ಹುಡುಕದೆ, ಪುಟ ಪುಟವಾಗಿ ಇಬ್ಬರೂ ಓದಿದೆವು. ಮುಂದಿನ ವಾರದಲ್ಲಿ ಏನೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಆ ಮ್ಯಾಚಾದ ಐದನೆಯ ವಾರದ ಸಂಚಿಕೆಯಲ್ಲಿ, ಕುರಿ ಸಂತೆಯ ಸುದ್ದಿಯ ಕೆಳಗೆ, ಮೊದಲು ಕಂಡದ್ದು ಅತ್ತಿಗೆ. ಅಲ್ಲಿ ಪ್ಯಾಡಿ ಎಂಬ ಹೆಸರೇ ಇರಲಿಲ್ಲ, ಹಾರ್ಸ್‌ಮನ್ ಕೂಡ ಮುದ್ರಣದಲ್ಲಿ ತಪ್ಪಿ ಹೌಸ್‌ಮನ್ ಆಗಿತ್ತು.

ಭಾರತಕ್ಕೆ ಹಿಂದಿರುಗುವ ವಿದ್ಯಾರ್ಥಿಗೆ ಊರಿನ ಸಭಾಭವನದಲ್ಲಿ ಬೀಳ್ಕೊಡುಗೆ. ಚಹಾ, ಕೇಕು, ತಂಡದ ಬಣ್ಣದ ಒಂದು ಉಣ್ಣೆಯ ಮಫ್ಲರು. ಉತ್ತರವಾಗಿ ಅಜ್ಜ ಮಾತನಾಡಿದ್ದರು. ತನಗೆ ಊರಿನಲ್ಲಿ ಐದು ವರ್ಷದ ಮಗಳಿದ್ದಾಳೆ, ಅಪ್ಪಾ ಅಲ್ಲಿ ಏನು ಮಾಡಿದಿ ಎಂದು ಕೇಳುತ್ತಾಳೆ, ಉಣ್ಣೆಯ ವಿಷಯ ಹೇಗೋ ಹೇಳಬಹುದು, ಗುರಿ ತಪ್ಪಿ ಗೆದ್ದದ್ದನ್ನು ಅವಳಿಗೆ ಹೇಗೆ ತಿಳಿಸಿ ಹೇಳಲಿ ಎಂದಿದ್ದರು. ಆಗ ತಂಡದ ಕ್ಯಾಪ್ಟನ್ ಎದ್ದು, ಗೆಲ್ಲಿಸಿದೆ ಎಂದು ಹೇಳು, ಅಲ್ಲಿಗೇ ನಿಲ್ಲಿಸು ಎಂದು ಸಲಹೆ ಕೊಟ್ಟ. ಸಭೆ ನಕ್ಕಿತು. ಹಾಗೇ ಮಾಡುತ್ತೇನೆಂದು ವಿದ್ಯಾರ್ಥಿ ಎಲ್ಲರೆದುರು ಮಾತು ಕೊಟ್ಟನೆಂದು ವರದಿ ಮುಗಿದಿತ್ತು.

ಅತ್ತಿ ಅದನ್ನು ಮೂರು ಸಲ ಓದಿದಳು. ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದಳು.

"ಐದು ವರ್ಷದಾಕಿ ನಾನ," ಎಂದಳು. "ಮಾತು ಕೊಟ್ಟು ಬಂದಾನ, ಹುಚ್ಚಪ್ಪ. ನನಗ ಹತ್ತು ಆದ ಮ್ಯಾಲೂ ಬಿಡಲಿಲ್ಲ."

ಆಮೇಲೆ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಅಲುಗುವ ಹಾಗೆ. ಸುಶೀಲತ್ತಿ ಹಾಗೆ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜ ನಗುತ್ತಿದ್ದದ್ದೂ ಹೀಗೇ.

ಒಲೆಯ ಮೇಲೆ ರೊಟ್ಟಿ ಸೀದುಹೋಗಿತ್ತು. ಅದನ್ನು ತೆಗೆದು ಬರುವಷ್ಟರಲ್ಲಿ ಅವಳು ಪರದೆಗೆ ಮೂಗು ತಾಗಿಸಿ ಕೂತಿದ್ದಳು. "ಈ ಹೆಸರು ತಿದ್ದಲಿಕ್ಕೆ ಬರ್ತದೇನು?"

ಅಚ್ಚಾದ ಹೆಸರನ್ನು ತಿದ್ದುವಂತಿಲ್ಲ, ಆದರೆ ವರದಿಯ ಕೆಳಗೆ ಓದುಗರು ಟಿಪ್ಪಣಿ ಸೇರಿಸಬಹುದು ಎಂದು ಆ ಜಾಗ ತೋರಿಸಿದೆ. ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. ಒಂದೇ ಬೆರಳಿನಲ್ಲಿ, ಇಂಗ್ಲಿಷಿನಲ್ಲಿ ಬರೆದಳು: ಈ ಆಟಗಾರನ ಹೆಸರು ಗುರುಪಾದಪ್ಪ ಹೊಸಮನಿ, ಊರು ಧಾರವಾಡ. ಬರೆದವರು, ಅವರ ಮಗಳು.

"ಪುರಾವೆ ಕೇಳ್ತಾರೇನು?"

"ಇಲ್ಲತ್ತೀ."

"ಹಂಗ ನಂಬ್ತಾರ?"

"ಮಗಳು ಅಂತ ಬರದ್ರ ನಂಬ್ತಾರ."

ಆಮೇಲೆ ಇನ್ನೊಂದು ಸಾಲು ಸೇರಿಸಿದಳು: ಆ ಮ್ಯಾಚನ್ನು ನನ್ನ ತಂದೆ ಗೆಲ್ಲಿಸಿದರು. ಮುಂದಿನ ವಾಕ್ಯಕ್ಕಾಗಿ ನಾನು ಕಾದೆ. ಅವಳು ಬರೆಯಲಿಲ್ಲ.

"ಇಷ್ಟ ಸಾಕೇನು?" ಎಂದು ಕೇಳಿದೆ.

"ಸಾಕು," ಎಂದಳು ಸುಶೀಲತ್ತಿ. "ಉಳದದ್ದು ಪೇಪರಿನವರು ಬರದಾರಲ್ಲ." ಗುಂಡಿ ಒತ್ತಿದಳು.